ಚಂದ್ರನ ಬೆಳಕು

ಸೂರ್ಯನಿಂದ ಚಂದ್ರನ ಮೇಲೆ ಬಿದ್ದು, ಅಲ್ಲಿಂದ ಭೂಮಿಯ ಕಡೆಗೆ ಪ್ರತಿಫಲಿಸುವ ಬೆಳಕೇ ಬೆಳದಿಂಗಳು. ಸೂರ್ಯ, ದೀಪದ ಕುಡಿ, ಮಿಂಚುಹುಳು ತಾವೇ ಬೆಳಕು ಸೂಸುತ್ತವೆ. ಆದ್ದರಿಂದ ಅವು ಬೆಳಕಿನ ಆಕರಗಳು. ಚಂದ್ರ ಆಕರವಲ್ಲ. ಅದರ ನೆಲದ ಬಣ್ಣ ಹಳೆಯ ಡಾಂಬರು ರಸ್ತೆಯಷ್ಟು ಮಾಸಲು. ಬಿದ್ದ ಬಿಸಿಲಿನಲ್ಲಿ ಶೇ. 12ರಷ್ಟನ್ನು ಮಾತ್ರ ಅದು ಹಿಂದಿರುಗಿಸುತ್ತದೆ. ಸುತ್ತಲಿನ ಆಕಾಶ ಇನ್ನೂ ಕಪ್ಪಾಗಿರುವುದರಿಂದ ನಮಗೆ ಬೆಳ್ಳಗೆ ಕಾಣುತ್ತದೆ, ಅಷ್ಟೆ. ಹುಣ್ಣಿಮೆಯ ಬೆಳಕಿಗಿಂತ ಬಿಸಿಲು ಸುಮಾರು 4 ಲಕ್ಷ ಪಟ್ಟು ಪ್ರಖರ.

ಚಂದ್ರನದು ಸ್ವಂತ ಬೆಳಕಲ್ಲ ಎಂದು ಕ್ರಿ.ಪೂ. 5ನೆಯ ಶತಮಾನದಲ್ಲೇ ಗ್ರೀಕ್ ಚಿಂತಕ ಅನಾಕ್ಸಗೋರಸ್ ಹೇಳಿದ್ದ. ಭಾರತದಲ್ಲಿ ಆರ್ಯಭಟನ 'ಆರ್ಯಭಟೀಯ' (ಕ್ರಿ.ಶ. 499) ಇದನ್ನು ಸ್ಪಷ್ಟವಾಗಿ ವಿವರಿಸುತ್ತದೆ: ಆಕಾಶದ ಗೋಳಗಳಲ್ಲಿ ಸೂರ್ಯನಿಗೆ ಎದುರಾದ ಅರ್ಧ ಬೆಳಗುತ್ತದೆ, ಉಳಿದರ್ಧ ತನ್ನದೇ ನೆರಳಿನಲ್ಲಿರುತ್ತದೆ. ನಕ್ಷತ್ರಗಳನ್ನೂ ಆತ ಈ ಸಾಲಿಗೆ ಸೇರಿಸಿದ್ದು ಮಾತ್ರ ಸರಿಯಲ್ಲ. ಅವು ದೂರದ ಸೂರ್ಯರೇ. ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದೇ ಚಂದ್ರಗ್ರಹಣ ಎಂದೂ ಅದೇ ಗ್ರಂಥದಲ್ಲಿದೆ.

ಚಂದ್ರನ ಅರ್ಧ ಹೀಗೆ ಬೆಳಗುವುದನ್ನು ಮನೆಯಲ್ಲೇ ನೋಡಬಹುದು. ಕತ್ತಲೆ ಕೋಣೆಯಲ್ಲಿ ಒಂದೇ ಬಲ್ಬು ಹಚ್ಚಿ, ಚೆಂಡನ್ನು ತಲೆಗಿಂತ ತುಸು ಮೇಲಕ್ಕೆ ಕೈಚಾಚಿ ಹಿಡಿದು, ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ಬಲ್ಬಿನ ಕಡೆಗೆ ಮುಖವಿದ್ದಾಗ ಚೆಂಡು ಅಮಾವಾಸ್ಯೆಯ ಚಂದ್ರ. ಬೆನ್ನು ತಿರುಗಿದಾಗ ಹುಣ್ಣಿಮೆಯದು. ನಡುವೆ ಬಿದಿಗೆ, ಅಷ್ಟಮಿ ಎಲ್ಲವೂ ಬಂದುಹೋಗುತ್ತವೆ. ಚೆಂಡಿನ ಅರ್ಧ ಭಾಗ ಮಾತ್ರ ಯಾವಾಗಲೂ ಬೆಳಗಿಯೇ ಇರುತ್ತದೆ.

ಬಿದಿಗೆ, ತದಿಗೆಯ ಸಂಜೆ ಗೆರೆಯಂಥ ಚಂದ್ರನ ಒಳಗೆ ಉಳಿದ ಭಾಗವೂ ಮಸುಕಾಗಿ ಕಾಣುತ್ತದಲ್ಲ, ಅದು ಎರಡು ಸಲ ಪ್ರತಿಫಲಿಸಿದ ಬೆಳಕು. ಬಿಸಿಲು ಮೊದಲು ಭೂಮಿಯ ಮೋಡ, ಕಡಲುಗಳಿಗೆ ತಾಗಿ ಚಂದ್ರನಿಗೆ ಹೋಗಿ, ಅಲ್ಲಿಂದ ಮತ್ತೆ ನಮ್ಮ ಕಣ್ಣಿಗೆ ಬರುತ್ತದೆ. 16ನೆಯ ಶತಮಾನದ ಆರಂಭದಲ್ಲಿ ಇದರ ಕಾರಣ ಬರೆದಿಟ್ಟವನು ಚಿತ್ರಕಾರ ಲಿಯೊನಾರ್ಡೊ ಡ ವಿಂಚಿ. ಚಂದ್ರನಲ್ಲಿ ಕಡಲಿದೆ ಎಂದು ನಂಬಿದ್ದರೂ ಈ ವಿಷಯದಲ್ಲಿ ಆತನ ಊಹೆ ನೆಟ್ಟಗಿತ್ತು.

1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ನೆಲದಲ್ಲಿ ಪ್ರತಿಫಲಕವೊಂದನ್ನು ಇಟ್ಟುಬಂದರು. ಬೆಳಕು ಯಾವ ದಿಕ್ಕಿನಿಂದ ಬಂದರೂ ಅದೇ ದಿಕ್ಕಿಗೆ ತಿರುಗಿಸಿ ಕಳಿಸುವ 100 ಗಾಜಿನ ಪಟ್ಟಕಗಳು ಅದರಲ್ಲಿವೆ. ಭೂಮಿಯಿಂದ ಬಿಟ್ಟ ಲೇಸರ್ ಕಿರಣ ಸುಮಾರು ಎರಡೂವರೆ ಸೆಕೆಂಡಿನಲ್ಲಿ ಹೋಗಿ ಮರಳುತ್ತದೆ. ಆ ವೇಳೆಯನ್ನು ಅಳೆದೇ ಚಂದ್ರ ವರ್ಷಕ್ಕೆ 3.8 ಸೆಂ.ಮೀ.ನಷ್ಟು ದೂರ ಸರಿಯುತ್ತಿರುವುದನ್ನು ಕಂಡುಕೊಂಡದ್ದು. 2023ರಲ್ಲಿ ಇಸ್ರೋದ ಚಂದ್ರಯಾನ-3 ಕೂಡ ನಾಸಾ ಕೊಟ್ಟ ಪುಟ್ಟ ಪ್ರತಿಫಲಕವನ್ನು ದಕ್ಷಿಣ ಧ್ರುವದ ಕಡೆಯ ನೆಲಕ್ಕೆ ಒಯ್ದಿದೆ.