ತೊಟ್ಟಿಯ ನೀರು ಮತ್ತು ಜ್ವರದ ಪಾಠಾಂತರಗಳು

ಬೆಂಗಳೂರು ದಂಡಿನ ಹುಟ್ಟಿನ ಹಿಂದೆ ಒಂದು ಜ್ವರದ ಚರಿತ್ರೆಯಿದೆ. 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟ ಬ್ರಿಟಿಷ್ ಪಡೆಗಳನ್ನು ಅಲ್ಲಿನ ಚಳಿಜ್ವರ ಬಹುವಾಗಿ ಕಾಡಿತು. 1809ರಲ್ಲಿ ಪಡೆಗಳು ಹಲಸೂರಿನ ಬಳಿಯ ಎತ್ತರದ ಬಯಲಿಗೆ ಬಂದವು. ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣವೆಂಬುದು ಅಂದಿನ ತಿಳಿವಳಿಕೆ. ಇಟಾಲಿಯನ್ ಮೂಲದ ‘ಮಲೇರಿಯಾ’ ಪದದ ಅರ್ಥವೂ ಅದೇ. ನಮ್ಮ ಆಯುರ್ವೇದವಾದರೋ ಜ್ವರ ಮರುಕಳಿಸುವ ದಿನವನ್ನು ಲೆಕ್ಕಹಾಕಿ, ವಿಷಮಜ್ವರದಲ್ಲಿ ತೃತೀಯಕ, ಚಾತುರ್ಥಕ ಮುಂತಾದ ಭೇದಗಳನ್ನು ಗುರುತಿಸಿತ್ತು.

ಈ ದಂಡಿನಲ್ಲಿಯೇ 1883ರಲ್ಲಿ ಸೇನಾ ವೈದ್ಯ ರೊನಾಲ್ಡ್ ರಾಸ್ ಒಂದು ಸಣ್ಣ ಸಂಗತಿಯನ್ನು ಗಮನಿಸಿದರು. ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಬಳಿಯ ತೊಟ್ಟಿಯಲ್ಲಿ ಅವು ಹುಟ್ಟುತ್ತಿದ್ದವು. ತೊಟ್ಟಿಯನ್ನು ಮಗುಚಿದ ಮೇಲೆ ಕಾಟ ತಗ್ಗಿತು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಅವರಿಗಿನ್ನೂ ತಿಳಿದಿರಲಿಲ್ಲ. 1895ರಲ್ಲಿ ಕಾಲರಾ ತಡೆಯುವ ಕಾರ್ಯಕ್ಕಾಗಿ ಅವರು ಮತ್ತೆ ಬೆಂಗಳೂರಿಗೆ ಬಂದರು. ಮುಂದೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ತೊಟ್ಟಿ ಮಗುಚಿದರೆ ಸೊಳ್ಳೆ ತಗ್ಗೀತು. ಮೈಯನ್ನು ಹೊಕ್ಕ ಪರೋಪಜೀವಿಯನ್ನು ಎದುರಿಸಲು ಲಸಿಕೆಯ ನೆರವು ಬೇಕು. ಲಸಿಕೆಯು ಅದರ ಹೊರಮೈಯ ಪ್ರೋಟೀನನ್ನು ದೇಹಕ್ಕೆ ಮೊದಲೇ ಪರಿಚಯಿಸುತ್ತದೆ. ತೊಡಕಿರುವುದು ಇಲ್ಲಿಯೇ. ಒಬ್ಬ ಕಂಸಾಳೆ ಕಲಾವಿದ ಹಾಡಿದ ಮಾದಪ್ಪನ ಕಥೆ ಮತ್ತೊಬ್ಬನ ಬಾಯಲ್ಲಿ ಯಥಾವತ್ತಾಗಿ ಬರುವುದಿಲ್ಲ. ಒಂದೇ ಪಾಠವನ್ನು ಹಿಡಿದು ಇಡೀ ಕಾವ್ಯವನ್ನು ಬಲ್ಲೆನೆಂದು ಜಾನಪದ ಸಂಶೋಧಕ ಹೇಳಲಾರ. ಪರೋಪಜೀವಿಯ ಹೊರಮೈಗೂ ಹೀಗೆಯೇ ಪಾಠಾಂತರಗಳಿವೆ. ನಮ್ಮ ರೋಗನಿರೋಧಕ ಶಕ್ತಿ ಗುರುತಿಸುವ ಭಾಗಗಳಲ್ಲಿಯೇ ವ್ಯತ್ಯಾಸಗಳು ಹೆಚ್ಚು. ಗುರುತು ಸಿಗದ ರೂಪಗಳು ಉಳಿದು ಬೆಳೆಯುತ್ತವೆ.

ಇದು ಬರಿಯ ಹೋಲಿಕೆಯ ಮಾತಲ್ಲ. ಆಫ್ರಿಕಾದ ಮಾಲಿ ದೇಶದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ‘ಎಎಂಎ-1’ ಎಂಬ ಪ್ರೋಟೀನಿನ ಲಸಿಕೆಯು ತನ್ನದೇ ರೂಪದ ಪರೋಪಜೀವಿಯ ವಿರುದ್ಧ ಸುಮಾರು ಶೇ. 64ರಷ್ಟು ರಕ್ಷಣೆ ನೀಡಿತು. ಒಟ್ಟಾರೆ ರಕ್ಷಣೆ ಶೇ. 20ರ ಆಸುಪಾಸಿನಲ್ಲಿತ್ತು. ‘ಆರ್‌ಟಿಎಸ್,ಎಸ್’ ಲಸಿಕೆಯನ್ನು ಕುರಿತ 2015ರ ಅಧ್ಯಯನದಲ್ಲಿಯೂ, 5ರಿಂದ 17 ತಿಂಗಳ ಮಕ್ಕಳಿಗೆ ಮೊದಲ ವರ್ಷದಲ್ಲಿ ದೊರೆತ ರಕ್ಷಣೆ ಹೊಂದುವ ರೂಪದೆದುರು ಶೇ. 50, ಹೊಂದದ ರೂಪದೆದುರು ಶೇ. 33.

ಈ ಲಸಿಕೆಗೆ 2021ರಲ್ಲಿಯೂ, ಪುಣೆಯ ಸೀರಂ ಸಂಸ್ಥೆ ತಯಾರಿಸುವ ‘ಆರ್21’ ಲಸಿಕೆಗೆ 2023ರಲ್ಲಿಯೂ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ದೊರೆಯಿತು. ಆದರೆ ಎರಡೂ ಫಾಲ್ಸಿಪಾರಂ ಪ್ರಭೇದವನ್ನು ಉದ್ದೇಶಿಸಿದವು. ಮಂಗಳೂರಿನಲ್ಲಿ ಹೆಚ್ಚಾಗಿ ಕಂಡುಬಂದ ವೈವಾಕ್ಸ್ ಪ್ರಭೇದವೇ ಬೇರೆ; ಅದು ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಬಳಿಕ ಮರಳುತ್ತದೆ. ಆದಕಾರಣ ಲಸಿಕೆ ರೂಪಿಸುವ ಮುನ್ನ ಆಯಾ ಪ್ರದೇಶದ ಪಾಠಗಳನ್ನು ಸಂಗ್ರಹಿಸುವ ಕ್ಷೇತ್ರಕಾರ್ಯ ಅನಿವಾರ್ಯ. ಅಲ್ಲಿಯವರೆಗೂ, ಅದರ ನಂತರವೂ, ದಂಡಿನ ಬಂಗಲೆಯಲ್ಲಿ ಮಗುಚಿದ ಆ ತೊಟ್ಟಿಯ ಪಾಠವನ್ನು ನಾವು ಮರೆಯುವಂತಿಲ್ಲ.