ಕೌದಿ ಹೊಲಿದು ಉಳಿದ ಬಟ್ಟೆ

ನಮ್ಮ ನಾಡಿನ ಇತಿಹಾಸವನ್ನು ಬರೆಯುವವರು ಮೊದಲು ಕಲ್ಲನ್ನು ನೋಡುತ್ತಾರೆ, ಆಮೇಲೆ ತಾಮ್ರಪಟವನ್ನು, ಆಮೇಲೆ ಓಲೆಗರಿಯನ್ನು. ಬಟ್ಟೆಯನ್ನು ನೋಡುವವರು ವಿರಳ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಕಲ್ಲು ಸಾವಿರ ವರ್ಷ ನಿಲ್ಲುತ್ತದೆ. ಮೈಮೇಲಿನ ಅರಿವೆ ಎರಡು ತಲೆಮಾರು ಬಾಳಿದರೆ ಹೆಚ್ಚು. ಆದರೂ ಇಂದು ನಾನು ಬಟ್ಟೆಯ ಬಗೆಗೇ ಮಾತನಾಡಬೇಕೆಂದಿದ್ದೇನೆ. ಅದರಲ್ಲಿಯೂ ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹೊಲಿಯುತ್ತಿದ್ದ ಹೆಣ್ಣುಮಕ್ಕಳು ಕೌದಿಯನ್ನು ಬಿಟ್ಟು ಮತ್ತೇನೇನನ್ನು ಹೊಲಿಯುತ್ತಿದ್ದರು, ಆ ಚಿಕ್ಕಪುಟ್ಟ ವಸ್ತುಗಳಲ್ಲಿ ಎಂಥ ಚರಿತ್ರೆ ಅಡಗಿದೆ ಎಂಬುದನ್ನು ಶ್ರೋತೃಗಳ ಮುಂದಿಡಬಯಸುತ್ತೇನೆ.

ಕೌದಿಯೆಂದರೇನು ಎಂಬುದನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಉಟ್ಟು ಸವೆದ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡುಗಳನ್ನು ಕೂಡಿಸಿ, ಅಂಚಿನಿಂದ ನಡುವಿನ ಕಡೆಗೆ ಸಾಲುಸಾಲಾಗಿ ದಾರ ಓಡಿಸುತ್ತ ಹೋಗುವುದು ಅದರ ಕ್ರಮ. ಸುಗ್ಗಿ ಮುಗಿದು ಕೈ ಬಿಡುವಾದ ಬೇಸಿಗೆಯ ದಿನಗಳಲ್ಲಿ, ಪಡಸಾಲೆಯಲ್ಲಿ ಅದನ್ನು ಹಾಸಿಕೊಂಡು ನೆರೆಹೊರೆಯವರೆಲ್ಲ ಸುತ್ತ ಕುಳಿತು ಹೊಲಿಯುತ್ತಿದ್ದರು. ಅದು ಸಂತೋಷದ ಕೆಲಸವೇ ಹೌದು. ಆದರೆ ಮೊದಲಿಗೆ ಅದು ಅಗತ್ಯದ ಕೆಲಸ. ಚಳಿಗಾಲ ಬರುವುದು ನಿಶ್ಚಯ, ಮಕ್ಕಳಿಗೆ ಹೊದೆಯಲು ಬೇಕಾದದ್ದೂ ನಿಶ್ಚಯ. ಕೌದಿ ಮುಗಿದ ಮೇಲೆ ಗಂಟಿನಲ್ಲಿ ಒಂದಿಷ್ಟು ತುಂಡು ಉಳಿಯುತ್ತಿತ್ತು. ಹೊದಿಕೆಗೆ ಸಾಲದ, ಬಿಸುಡಲು ಮನಸ್ಸಾಗದ ಆ ತುಂಡುಗಳಿಂದ ಹುಟ್ಟುತ್ತಿದ್ದ ವಸ್ತುಗಳೇ ಬೇರೆ. ಕೌದಿ ಮನೆಗೆಲ್ಲ ಸೇರಿದ್ದು. ಈ ವಸ್ತುಗಳು ಒಬ್ಬೊಬ್ಬರನ್ನು ನೆನೆದು ಹೊಲಿದವು.

ಚಿಂದಿಯನ್ನು ಕೂಡಿಸಿ ಹೊಲಿಯುವುದು ನಮ್ಮಲ್ಲಿ ಹೊಸದಲ್ಲ. ಸಂಸ್ಕೃತದ 'ಕಂಥಾ' ಶಬ್ದ ಕನ್ನಡದಲ್ಲಿ 'ಕಂಥೆ'ಯಾಗಿ ವಿರಕ್ತರ ತೇಪೆಯ ಹೊದಿಕೆಗೆ ಹೆಸರಾಯಿತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬೊಬ್ಬನಿದ್ದಾನೆ. ಅವನ ಕಸುಬೇ ಅವನ ಹೆಸರಿಗೆ ಅಂಟಿಕೊಂಡು ನಮ್ಮವರೆಗೆ ಬಂದಿದೆ. ನೂಲುವ ಕದಿರೆ ರೆಮ್ಮವ್ವೆಯ ಹೆಸರೂ ಉಳಿದಿದೆ. ಆದರೆ ಮನೆಯೊಳಗೆ ಸೂಜಿ ಹಿಡಿದ ಹೆಣ್ಣುಮಗಳ ದುಡಿಮೆಗೆ ಕೂಲಿಯಿರಲಿಲ್ಲ. ಆದುದರಿಂದ ಅದಕ್ಕೆ ಕಾಯಕವೆಂಬ ಹೆಸರೂ ಬರಲಿಲ್ಲ, ಹೊಲಿದವಳ ಹೆಸರೂ ಉಳಿಯಲಿಲ್ಲ. ಉಳಿದವು ಅವಳು ಹೊಲಿದ ವಸ್ತುಗಳ ಹೆಸರುಗಳು ಮಾತ್ರ. ಆ ಹೆಸರುಗಳನ್ನೇ ಹಿಡಿದು ಸ್ವಲ್ಪ ದೂರ ಹೋಗೋಣ.

ಮೊದಲನೆಯದು ಕುಲಾವಿ. ಕೂಸಿನ ತಲೆಗೆ ಹಾಕಿ ಗದ್ದದ ಕೆಳಗೆ ಲಾಡಿ ಕಟ್ಟುವ ಟೊಪ್ಪಿಗೆ. ಅದರ ಒಡಹುಟ್ಟು ಕುಂಚಿಗೆ. ಅದು ತಲೆಯನ್ನು ಮುಚ್ಚಿ ಬೆನ್ನಿನ ಮೇಲೂ ಇಳಿಯುತ್ತದೆ. ತೊಟ್ಟಿಲಿಗೆ ಹಾಕುವ ದಿನ ತವರಿನವರು, ಅತ್ತೆಯರು ಇವನ್ನು ತರುವುದು ವಾಡಿಕೆ. ಹಿರಿಯರು ಉಟ್ಟು ಮೆತ್ತಗಾದ ಬಟ್ಟೆಯೇ ಕೂಸಿನ ಮೈಗೆ ಹಿತವೆಂದು ಅಜ್ಜಿಯ ಸೀರೆಯ ತುಂಡು ಒಳಗೆ, ಖಣದ ತುಂಡು ಹೊರಗೆ. ಇಷ್ಟು ಚಿಕ್ಕ ವಸ್ತುವಿನ ಹೆಸರು ಎಲ್ಲಿಂದ ಬಂತು? ಫಾರಸಿಯ 'ಕುಲಾಹ್' ಎಂಬ ಶಬ್ದದಿಂದ. ವಿಜಯನಗರದ ಆಸ್ಥಾನದಲ್ಲಿ ಎತ್ತರವಾದ ಟೊಪ್ಪಿಗೆಯೊಂದು ರಾಜಮರ್ಯಾದೆಯ ಉಡುಪಾಗಿತ್ತು. ಹದಿನಾರನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಪೋರ್ಚುಗೀಸರಾದ ಪಯಸ್ ಮತ್ತು ನೂನಿಜ್ ಅದರ ಹೆಸರನ್ನು ತಮ್ಮ ಕಿವಿಗೆ ಬಿದ್ದಂತೆ ಬರೆದಿಟ್ಟರು. ಅದು ನಮ್ಮ 'ಕುಲಾಯಿ'ಯೇ. ತಿರುಮಲೆಯ ದೇವಾಲಯದಲ್ಲಿ ಇಬ್ಬರು ರಾಣಿಯರೊಡನೆ ಕೈಮುಗಿದು ನಿಂತ ಕೃಷ್ಣದೇವರಾಯನ ಲೋಹದ ಪ್ರತಿಮೆಯ ತಲೆಯ ಮೇಲೆ ಆ ಟೊಪ್ಪಿಗೆಯನ್ನು ಇಂದಿಗೂ ಕಾಣಬಹುದು. 1565ರ ಯುದ್ಧದೊಂದಿಗೆ ಆ ರಾಜಧಾನಿ ಹಾಳಾಯಿತು. ಟೊಪ್ಪಿಗೆಯ ಹೆಸರು ಮಾತ್ರ ಹಾಳಾಗಲಿಲ್ಲ. ತೊಟ್ಟಿಲಲ್ಲಿ ಮಲಗಿದ ಕೂಸಿನ ತಲೆಯ ಮೇಲೆ ಅದು ಉಳಿಯಿತು. ತಮ್ಮ ಕೂಸನ್ನು ರಾಜನೆಂದು ಕರೆಯದ ತಾಯಂದಿರು ಯಾರಿದ್ದಾರೆ?

ಎರಡನೆಯದು ಚಂಚಿ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ತಂಬಾಕು, ನಾಲ್ಕು ಚಿಲ್ಲರೆ ಕಾಸು, ಇವುಗಳಿಗೆ ಬೇರೆ ಬೇರೆ ಅರೆಗಳಿರುವ, ಮಡಿಸಿ ದಾರ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಚೀಲ. ಅಡಕತ್ತರಿಯ ಮೊನೆ ತಾಗಿ ಹರಿಯದಂತೆ ಅದಕ್ಕೂ ಕೌದಿಯ ಹಾಗೆ ಎರಡು ಮೂರು ಪದರ ಹಾಕಿ ಒತ್ತಾಗಿ ಹೊಲಿಯುತ್ತಿದ್ದರು. ಇದರ ಹಿರಿಯ ಸಂಬಂಧಿ ಹಡಪ. ಬಸವಣ್ಣನವರ ಸಮೀಪವರ್ತಿಯಾಗಿದ್ದ ಶರಣನು ಹಡಪದ ಅಪ್ಪಣ್ಣನೆಂದೇ ಪ್ರಸಿದ್ಧ. ಒಡೆಯನ ತಾಂಬೂಲದ ಚೀಲವನ್ನು ಹಿಡಿಯುವುದೆಂದರೆ ಅವನ ವಿಶ್ವಾಸಕ್ಕೆ ಪಾತ್ರನಾಗುವುದೆಂದೇ ಅರ್ಥ. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುಲ್ ರಜಾಕನು ತಾಂಬೂಲದ ಗುಣಗಳನ್ನು ಬಣ್ಣಿಸಿ ದಣಿಯಲಿಲ್ಲ. ಹೀಗೆ ಅರಮನೆಯಲ್ಲಿ ಗೌರವದ ಗುರುತಾಗಿದ್ದುದನ್ನು ಹಳ್ಳಿಯ ಹೆಣ್ಣುಮಗಳು ಉಳಿದ ಅರಿವೆಯಿಂದ ತನ್ನ ಗಂಡನಿಗಾಗಿ, ತಂದೆಗಾಗಿ, ಅನೇಕ ವೇಳೆ ತನಗಾಗಿಯೂ ಹೊಲಿದುಕೊಂಡಳು.

ಮನುಷ್ಯರಿಗೆ ಮಾತ್ರ ಹೊಲಿದರೆ ಒಕ್ಕಲ ಮನೆ ಪೂರ್ಣವಾಗಲಾರದು. ಎತ್ತಿನ ಬೆನ್ನಿಗೆ ಹೊದಿಸುವ ಜೂಲು ಕಾರಹುಣ್ಣಿಮೆಯ ದಿನ ಹೊರಬರುತ್ತಿತ್ತು. ಅದರಲ್ಲಿ ತುಂಡಿನ ಬಟ್ಟೆಯ ಚೌಕ, ತ್ರಿಕೋನ, ಅಂಚಿಗೆ ಕುಚ್ಚು. ಹಬ್ಬದ ದಿನ ಎತ್ತುಗಳು ಊರೊಳಗೆ ನಡೆದು ಹೋಗುವಾಗ ಯಾವ ಮನೆಯವಳ ಕೈ ಎಷ್ಟು ಹಸನೆಂಬುದು ಊರಿಗೆಲ್ಲ ತಿಳಿಯುತ್ತಿತ್ತು. ಬಿಡುವಿನ ಹೊತ್ತಿಗೆಂದು ಪಗಡೆಯ ಹಾಸು. ನಾಲ್ಕು ತೋಳಿನ ಆ ಬಟ್ಟೆಯನ್ನು ಆಟ ಮುಗಿದೊಡನೆ ಮಡಿಸಿ ಗೂಡಿನಲ್ಲಿಡಬಹುದು.

ಕೌದಿಯ ಸೂಜಿಯನ್ನು ಬದಿಗಿಟ್ಟು ಸಣ್ಣ ಸೂಜಿಯನ್ನು ಎತ್ತಿಕೊಂಡರೆ ಅದೇ ಕೈ ಕಸೂತಿಗೆ ತೊಡಗುತ್ತಿತ್ತು. ಧಾರವಾಡದ ಕಡೆಯ ಕಸೂತಿಗೆ ಮೊದಲೇ ಬರೆದುಕೊಂಡ ಚಿತ್ರವಿಲ್ಲ; ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವುದೇ ಕ್ರಮ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆ. ಗವಂತಿ, ಮುರ್ಗಿಗಳಲ್ಲಿ ಸೂಜಿ ಹೋದ ದಾರಿಯಲ್ಲೇ ಹಿಂತಿರುಗಿ ಬರುವುದರಿಂದ ಬಟ್ಟೆಯ ಎರಡೂ ಮಗ್ಗುಲು ಒಂದೇ ಸಮನಾಗಿ ಕಾಣುತ್ತದೆ. ಗೋಪುರ, ತೇರು, ಅಂಬಾರಿಯ ಆನೆ, ತುಳಸಿಕಟ್ಟೆ, ತೊಟ್ಟಿಲು, ಹೀಗೆ ಕಂಡದ್ದೆಲ್ಲ ಇಳಕಲ್ಲ ಸೀರೆಯ ಸೆರಗಿಗೂ ಕೂಸಿನ ಕುಲಾವಿಗೂ ಇಳಿದು ಬಂತು. ಕಸೂತಿಯನ್ನು ಕುರಿತು ವಿದ್ವಾಂಸರು ಬರೆದಿದ್ದಾರೆ, ಮ್ಯೂಸಿಯಮ್ಮುಗಳು ಅದನ್ನು ಕಾಪಾಡಿವೆ. ಬೆಲೆಯುಳ್ಳ ಸೀರೆಯ ಮೇಲೆ ಕುಳಿತದ್ದು ಅದರ ಪುಣ್ಯ. ಚಿಂದಿಯ ಚಂಚಿಗೆ ಆ ಪುಣ್ಯವಿರಲಿಲ್ಲ.

ಇದನ್ನು ನಾನು ಬೇರೆಯವರ ಮೇಲೆ ಆಕ್ಷೇಪವಾಗಿ ಹೇಳುತ್ತಿಲ್ಲ. ನನ್ನ ತಾಯಿ ತೀರಿಕೊಂಡ ವರ್ಷ ನಾವು ಅಣ್ಣತಮ್ಮಂದಿರು ಅವರ ಟ್ರಂಕನ್ನು ತೆರೆದೆವು. ಕೌದಿಗಳನ್ನು ಹಂಚಿಕೊಂಡೆವು, ಅವು ಉಪಯೋಗದ ವಸ್ತುಗಳು. ತಳದಲ್ಲಿ ನಮ್ಮ ತಂದೆಯ ಎರಡು ಚಂಚಿ, ಬಣ್ಣಗೆಟ್ಟ ಜೂಲು, ನಾಲ್ಕು ಕುಲಾವಿಗಳಿದ್ದವು. ನಾವು ಬದುಕಿರುವ ಮಕ್ಕಳು ಮೂವರು. ನಾಲ್ಕನೆಯದು ಯಾರದೆಂದು ಆ ಹೊತ್ತಿನಲ್ಲಿ ನಮ್ಮಲ್ಲಿ ಯಾರಿಗೂ ಕೇಳಬೇಕೆನ್ನಿಸಲಿಲ್ಲ. ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳು ಬಾಗಿಲಿಗೆ ಬಂದಿದ್ದಳು. ಆ ಗಂಟನ್ನೆಲ್ಲ ಅವಳಿಗೆ ಕೊಟ್ಟು ಒಂದು ಸ್ಟೀಲಿನ ಪಾತ್ರೆಯನ್ನು ತೆಗೆದುಕೊಂಡೆವು. ಆಗ ನಾನು ಕಾಲೇಜಿನಲ್ಲಿ ಶಾಸನಗಳ ಪಾಠ ಹೇಳುತ್ತಿದ್ದೆ. ಸವೆದ ಕಲ್ಲಿನ ಮೇಲಿನ ಒಂದು ಅಕ್ಷರಕ್ಕಾಗಿ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಿದ್ದೆ. ನನಗಿಂತ ಮೊದಲು ಹುಟ್ಟಿ ಹೆಸರಿಡುವುದರೊಳಗೆ ತೀರಿಹೋದ ಕೂಸೊಂದಿತ್ತೆಂದು ನನ್ನ ವೃದ್ಧ ಅತ್ತೆ ಎಷ್ಟೋ ವರ್ಷಗಳ ಮೇಲೆ ಹೇಳಿದಾಗ ನನಗೆ ಆ ನಾಲ್ಕನೆಯ ಕುಲಾವಿ ನೆನಪಿಗೆ ಬಂತು. ಆ ಕೂಸಿಗೆ ಇದ್ದ ದಾಖಲೆ ಅದೊಂದೇ. ಪಾತ್ರೆ ಇಂದಿಗೂ ನಮ್ಮ ಅಡಿಗೆಮನೆಯಲ್ಲಿದೆ.

ಈಗಿನ ಸ್ಥಿತಿ ಸಂಪೂರ್ಣ ನಿರಾಶಾದಾಯಕವೆಂದು ಹೇಳಲಾರೆ. ಸೊಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಲಂಬಾಣಿಗರು ಒಂದು ಕಾಲಕ್ಕೆ ಹೇರೆತ್ತುಗಳ ಮೇಲೆ ದವಸ, ಉಪ್ಪುಗಳನ್ನು ಸಾಗಿಸುತ್ತಿದ್ದವರು. ಅಲೆಯುವ ಸಂಸಾರಕ್ಕೆ ಪೆಟ್ಟಿಗೆಯಿಲ್ಲ, ಚೀಲವೇ ಎಲ್ಲ. ಆದುದರಿಂದ ಅವರ ಹೆಣ್ಣುಮಕ್ಕಳು ಹೊದಿಕೆಯೊಡನೆ ಚೀಲ, ಸಂಚಿ, ಕವಡೆ ಕಟ್ಟಿದ ಸಿಂಬಿಗಳನ್ನು ಹೊಲಿಯುವುದರಲ್ಲಿ ನಿಪುಣರಾದರು. ರೈಲು ಬಂದು ಹೇರೆತ್ತಿನ ವ್ಯಾಪಾರ ನಿಂತರೂ ಸೂಜಿ ನಿಲ್ಲಲಿಲ್ಲ. 2023ರ ಜುಲೈ ತಿಂಗಳಲ್ಲಿ, ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ಹಂಪಿಯಲ್ಲಿ ನಡೆದಾಗ, ಸೊಂಡೂರಿನ 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1,755 ತೇಪೆಯ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಕುಲಾಯಿ ತೊಟ್ಟ ಅರಸರು ಆಳಿದ ನೆಲದಲ್ಲಿಯೇ ಅದು ನಡೆದುದನ್ನು ಕೇಳಿ ನನಗೆ ಸಂತೋಷವಾಯಿತು.

ಇಂದು ಹೊಲಿಯುವ ಚೀಲ ಯಾವ ಹೆಗಲಿಗೆ ಹೋಗುವುದೋ ಹೊಲಿದವಳಿಗೆ ತಿಳಿಯದು. ಹಿಂದಿನ ಚಂಚಿ ಯಾರ ಸೊಂಟಕ್ಕೆಂಬುದು ಮೊದಲೇ ಗೊತ್ತಿರುತ್ತಿತ್ತು. ಇದು ನಷ್ಟವೆನ್ನುವವರಿದ್ದಾರೆ. ನನ್ನ ತಾಯಿಗೆ ಕೂಲಿಯೂ ಬರಲಿಲ್ಲ, ಹೆಸರೂ ಬರಲಿಲ್ಲ. ಇವರಿಗೆ ಕೂಲಿಯಾದರೂ ಬರುತ್ತಿದೆ. ಆದುದರಿಂದ ನಾನು ಈ ಬದಲಾವಣೆಯನ್ನು ಹಳಿಯಲಾರೆ. ನಷ್ಟವಿರುವುದು ಬೇರೆ ಕಡೆಗೆ, ನಮ್ಮ ನಮ್ಮ ಮನೆಯ ಟ್ರಂಕಿನ ತಳದಲ್ಲಿ. ಅಲ್ಲಿ ಉಳಿದಿರುವ ಬಟ್ಟೆಯನ್ನು ಓದಿ ಹೇಳಬಲ್ಲವರು ಮನೆಯ ಹಿರಿಯ ಹೆಂಗಸರು ಮಾತ್ರ. ಈ ತುಂಡು ಯಾರ ಸೀರೆಯದು, ಈ ಕುಲಾವಿ ಯಾರದು ಎಂದು ಅವರನ್ನು ಕೇಳಿ, ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಆ ಬಟ್ಟೆಯೊಡನೆ ಇಡಿ. ಪಾತ್ರೆಯವಳು ಬಾಗಿಲಿಗೆ ಬರುವ ಮುನ್ನ ಇಷ್ಟು ಕೆಲಸ ಆಗಬೇಕು.