ಪ್ಲೇಸ್ಟೇಷನ್ ಮಾಡ್‌ಚಿಪ್: ಬೀಗ, ಕೀಲಿ, ನ್ಯಾಯಾಲಯ

ಮಾಡ್‌ಚಿಪ್ ಎಂದರೆ ವಿಡಿಯೊ ಗೇಮ್ ಕನ್ಸೋಲಿನ ಬೋರ್ಡಿಗೆ, ತಯಾರಿಸಿದ ಕಂಪನಿಯ ಒಪ್ಪಿಗೆಯಿಲ್ಲದೆ, ಹೊರಗಿನವರು ಬೆಸುಗೆ ಹಾಕಿ ಕೂರಿಸುವ ಪುಟ್ಟ ಚಿಪ್. ಮನೆಯಲ್ಲೇ ನಕಲು ಮಾಡಿಕೊಂಡ ಡಿಸ್ಕನ್ನೂ ಬೇರೆ ದೇಶದಿಂದ ತರಿಸಿಕೊಂಡ ಡಿಸ್ಕನ್ನೂ ಕನ್ಸೋಲ್ ಓದುವುದಿಲ್ಲ. ಚಿಪ್ ಎರಡನ್ನೂ ಓದಿಸುತ್ತದೆ. ಇಂಥ ಚಿಪ್‌ಗಳು ಹಲವು ಕನ್ಸೋಲ್‌ಗಳಿಗೆ ಬಂದವಾದರೂ, ಅವು ಜಗತ್ತಿನಾದ್ಯಂತ ಬೀದಿಬದಿಯ ಅಂಗಡಿಗಳವರೆಗೆ ಹರಡಿದ್ದು ಸೋನಿ ಕಂಪನಿಯ ಮೊದಲ ಪ್ಲೇಸ್ಟೇಷನ್ ಕಾಲದಲ್ಲಿ. ಆ ಕನ್ಸೋಲ್ 1994ರ ಡಿಸೆಂಬರ್ 3ರಂದು ಜಪಾನಿನಲ್ಲಿ, 1995ರ ಸೆಪ್ಟೆಂಬರಿನಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಮಾರಾಟಕ್ಕೆ ಬಂತು. 2006ರಲ್ಲಿ ತಯಾರಿಕೆ ನಿಂತಾಗ 10 ಕೋಟಿಗೂ ಹೆಚ್ಚು ಕನ್ಸೋಲ್‌ಗಳು ಜನರ ಮನೆ ಸೇರಿದ್ದವು.

ಅದಕ್ಕೂ ಮುಂಚಿನ ಬಹುಪಾಲು ಕನ್ಸೋಲ್‌ಗಳು ಕಾರ್ಟ್ರಿಜ್ ನಂಬಿದ್ದವು. ಕಾರ್ಟ್ರಿಜ್ ನಕಲು ಮಾಡಲು ಚಿಪ್ ಬೇಕು, ಬೋರ್ಡ್ ಬೇಕು, ಕಾರ್ಖಾನೆ ಬೇಕು. ಪ್ಲೇಸ್ಟೇಷನ್ನಿನ ಜನಕ ಎನಿಸಿಕೊಂಡ ಕೆನ್ ಕುಟರಾಗಿಯವರ ತಂಡ ಸಿಡಿಯನ್ನು ಆರಿಸಿಕೊಂಡಿತು. ಸಿಡಿ ಅಚ್ಚು ಹಾಕುವುದು ಅಗ್ಗ, ಅದರಲ್ಲಿ ಸುಮಾರು 650 ಎಂಬಿ ಮಾಹಿತಿ ಹಿಡಿಸುತ್ತದೆ, ಬೇಡಿಕೆ ಬಂದಂತೆ ಬೇಗ ಒದಗಿಸಬಹುದು. ಆದರೆ ಅದೇ ವರ್ಷಗಳಲ್ಲಿ ಸಿಡಿ ರೈಟರ್‌ಗಳೂ ಅಗ್ಗವಾಗುತ್ತ ಬಂದವು. 1995ರಲ್ಲಿ 1000 ಡಾಲರಿಗಿಂತ ಕಡಿಮೆ ಬೆಲೆಯ ರೈಟರ್ ಮಾರುಕಟ್ಟೆಗೆ ಬಂತು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಮನೆಯ ಕಂಪ್ಯೂಟರಿನಲ್ಲಿ ರೈಟರ್ ಇರುವುದು ವಿಶೇಷವೇ ಅಲ್ಲ ಎನ್ನುವಂತಾಯಿತು. ಹಾಗಾಗಿ ಡಿಸ್ಕಿನಲ್ಲಿರುವ ಮಾಹಿತಿಗೆ ಬೀಗ ಹಾಕಿ ಪ್ರಯೋಜನವಿರಲಿಲ್ಲ. ಬೀಗವನ್ನು ಮಾಹಿತಿಯ ಹೊರಗೆ, ರೈಟರಿಗೆ ಎಟುಕದ ಜಾಗದಲ್ಲಿ ಇಡಬೇಕಿತ್ತು.

ಸೋನಿಯ ಎಂಜಿನಿಯರ್‌ಗಳು ಮಾಡಿದ್ದು ಅದನ್ನೇ. ಸಿಡಿಯ ಮೇಲೆ ಮಾಹಿತಿ ಒಂದೇ ಸುರುಳಿ ಜಾಡಿನಲ್ಲಿ ಸಾಗುತ್ತದೆ. ಪ್ಲೇಸ್ಟೇಷನ್ ಡಿಸ್ಕಿನ ಆರಂಭದ ಭಾಗದಲ್ಲಿ, ಅಂದರೆ ವಿಷಯಸೂಚಿ ಇರುವ ಒಳಸುತ್ತಿನಲ್ಲಿ, ಆ ಜಾಡನ್ನು ಬೇಕೆಂದೇ ಕಣ್ಣಿಗೆ ಕಾಣದಷ್ಟು ಓಲಾಡಿಸಿ ಅಚ್ಚು ಹಾಕಲಾಗಿತ್ತು. ಜಾಡಿನ ಮೇಲೆ ನಿಲ್ಲಲು ಲೇಸರ್ ಕೂಡ ಅದರ ಜೊತೆ ಓಲಾಡಲೇಬೇಕು. ಆ ಓಲಾಟದಿಂದ ಡ್ರೈವ್ ನಾಲ್ಕು ಅಕ್ಷರ ಓದಿಕೊಳ್ಳುತ್ತಿತ್ತು. ಜಪಾನಿನ ಡಿಸ್ಕಾದರೆ ಎಸ್‌ಸಿಇಐ, ಅಮೆರಿಕದ್ದಾದರೆ ಎಸ್‌ಸಿಇಎ, ಯುರೋಪಿನದ್ದಾದರೆ ಎಸ್‌ಸಿಇಇ. ಡ್ರೈವ್ ನಿಯಂತ್ರಿಸುವ ಚಿಪ್ ತನ್ನ ಪ್ರದೇಶದ ಅಕ್ಷರ ಸಿಕ್ಕರೆ ಆಟ ಶುರುಮಾಡುತ್ತಿತ್ತು, ಇಲ್ಲದಿದ್ದರೆ ಇಲ್ಲ. ಖಾಲಿ ಸಿಡಿ-ಆರ್ ಕಾರ್ಖಾನೆಯಿಂದ ಬರುವಾಗಲೇ ಅದರ ಮೈಮೇಲೆ ಗೀರು ಇರುತ್ತದೆ. ರೈಟರಿನ ಲೇಸರ್ ಆ ಗೀರಿನ ಗುಂಟ ಹೋಗಿ ಬರೆಯಬಲ್ಲುದೇ ಹೊರತು ಗೀರನ್ನೇ ಬೇರೆ ರೀತಿ ಓಲಾಡಿಸಲಾರದು. ಒಂದು ಬಿಟ್ ತಪ್ಪದಂತೆ ನಕಲು ಮಾಡಿದರೂ ಆ ನಾಲ್ಕು ಅಕ್ಷರ ನಕಲಿಗೆ ಬರುತ್ತಿರಲಿಲ್ಲ. ಪ್ಲೇಸ್ಟೇಷನ್ ಡಿಸ್ಕಿನ ಕಪ್ಪು ಬಣ್ಣವೇ ರಕ್ಷಣೆ ಎಂದು ನಂಬಿದವರು ಬಹಳ ಮಂದಿ. ಆ ಬಣ್ಣಕ್ಕೂ ಬೀಗಕ್ಕೂ ಸಂಬಂಧವಿರಲಿಲ್ಲ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಆ ನಾಲ್ಕು ಅಕ್ಷರಗಳು ಎರಡು ಬೇರೆ ಬೇರೆ ಕೆಲಸ ಮಾಡುತ್ತಿದ್ದವು. ನಕಲು ಡಿಸ್ಕನ್ನು ಹೊರಗಿಡುವುದು ಒಂದು, ಜಗತ್ತಿನ ಮಾರುಕಟ್ಟೆಯನ್ನು ಮೂರು ಪಾಲು ಮಾಡುವುದು ಇನ್ನೊಂದು. ಮೊದಲನೆಯದು ಕಳ್ಳನನ್ನು ತಡೆಯುತ್ತದೆ. ಎರಡನೆಯದು ಪೂರ್ತಿ ದುಡ್ಡು ಕೊಟ್ಟು ಅಸಲಿ ಡಿಸ್ಕ್ ಕೊಂಡವನನ್ನೂ ತಡೆಯುತ್ತದೆ. ಎರಡಕ್ಕೂ ಒಂದೇ ಬೀಗ ಇದ್ದುದರಿಂದ, ಒಂದನ್ನು ತೆರೆದರೆ ಇನ್ನೊಂದೂ ತೆರೆದುಕೊಳ್ಳುತ್ತಿತ್ತು. ಮಾಡ್‌ಚಿಪ್ ಕುರಿತು ಮುಂದೆ ನಡೆದ ಕೋರ್ಟು ಕಲಹಗಳ ಬೇರು ಇರುವುದು ಇಲ್ಲಿಯೇ.

ಚಿಪ್ಪಿಗಿಂತ ಮೊದಲು ಬಂದದ್ದು ಡಿಸ್ಕ್ ಬದಲಿಸುವ ಕೈಚಳಕ. ಓಲಾಟದ ಪರೀಕ್ಷೆ ನಡೆಯುತ್ತಿದ್ದುದು ಡಿಸ್ಕ್ ಹಾಕಿದಾಗ, ಆರಂಭದಲ್ಲಿ ಮಾತ್ರ. ಮುಚ್ಚಳ ತೆರೆದಿದೆಯೇ ಎಂಬುದನ್ನು ಡ್ರೈವ್ ಒಂದು ಸಣ್ಣ ಗುಂಡಿಯಿಂದ ತಿಳಿಯುತ್ತಿತ್ತು. ಆ ಗುಂಡಿಯನ್ನು ಬಾಲ್‌ಪೆನ್ನಿನ ಸ್ಪ್ರಿಂಗನ್ನೋ ಕಡ್ಡಿಯನ್ನೋ ಸಿಕ್ಕಿಸಿ ಒತ್ತಿಹಿಡಿದರೆ, ಮುಚ್ಚಳ ತೆರೆದೇ ಇದ್ದರೂ ಮುಚ್ಚಿದೆ ಎಂದು ಕನ್ಸೋಲ್ ನಂಬುತ್ತಿತ್ತು. ಅಸಲಿ ಡಿಸ್ಕ್ ಹಾಕಿ, ಪರೀಕ್ಷೆ ಮುಗಿದು ಡ್ರೈವ್ ನಿಧಾನವಾಗುವ ಗಳಿಗೆ ನೋಡಿ, ತಿರುಗುತ್ತಿರುವ ಡಿಸ್ಕನ್ನು ಎತ್ತಿ ಇನ್ನೊಂದನ್ನು ಕೂರಿಸಬೇಕು. ಕೆಲವೊಮ್ಮೆ ಎರಡು ಸಲ ಬದಲಿಸಬೇಕಾಗುತ್ತಿತ್ತು. ಅವಸರದಲ್ಲಿ ಡಿಸ್ಕಿಗೆ ಗೀರು ಬೀಳುತ್ತಿತ್ತು, ಡ್ರೈವಿನ ಮೋಟರಿಗೂ ಪೆಟ್ಟಾಗುತ್ತಿತ್ತು. ಕನ್ಸೋಲಿನ ಹಿಂಬದಿಯ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಚೀಟ್ ಕಾರ್ಟ್ರಿಜ್‌ಗಳು ಈ ಕೆಲಸವನ್ನು ಸ್ವಲ್ಪ ಸಲೀಸು ಮಾಡಿದವು. ಸೋನಿ ತನ್ನ 9000 ಸರಣಿಯ ಮಾದರಿಗಳಿಂದ ಆ ಪೋರ್ಟನ್ನೇ ಕಿತ್ತುಹಾಕಿತು.

ಮಾಡ್‌ಚಿಪ್ ಈ ಸರ್ಕಸ್ಸನ್ನು ಮುಗಿಸಿತು. ಮೈಕ್ರೊಚಿಪ್ ಕಂಪನಿಯ ಪಿಐಸಿ ಸರಣಿಯ ಅಗ್ಗದ ಮೈಕ್ರೊಕಂಟ್ರೋಲರ್‌ಗಳೇ ಇದಕ್ಕೆ ಸಾಕಾದವು. ಅದರಲ್ಲೂ 12ಸಿ508 ಎಂಬ ಎಂಟು ಕಾಲಿನ ಚಿಪ್ ಬಹಳ ಬಳಕೆಯಾಯಿತು. ಇದು ಬಟ್ಟೆ ಒಗೆಯುವ ಯಂತ್ರದಂಥ ಸಾಧನಗಳ ಸಣ್ಣಪುಟ್ಟ ನಿಯಂತ್ರಣಕ್ಕೂ ಹೊಂದುವ ಸಾಮಾನ್ಯ ಬಿಡಿಭಾಗ, ಕಾನೂನುಬದ್ಧವಾಗಿ ಯಾರು ಬೇಕಾದರೂ ಕೊಳ್ಳಬಹುದಿತ್ತು. ಅದರೊಳಗೆ ಬರೆದ ಪ್ರೋಗ್ರಾಂ ಮಾಡುತ್ತಿದ್ದುದು ಇಷ್ಟೇ: ಡಿಸ್ಕಿನಿಂದ ಬರುವ ಓಲಾಟದ ಸಂಕೇತವನ್ನು ಅಡಗಿಸಿ, ಅದರ ಜಾಗದಲ್ಲಿ ಆ ನಾಲ್ಕು ಅಕ್ಷರಗಳನ್ನು ಸೆಕೆಂಡಿಗೆ 250 ಬಿಟ್‌ನಂತೆ ತಾನೇ ಹೇಳುವುದು. ಕೆಲವು ಚಿಪ್‌ಗಳು ಮೂರೂ ಪ್ರದೇಶಗಳ ಅಕ್ಷರಗಳನ್ನು ಒಂದಾದ ಮೇಲೊಂದರಂತೆ ಹೇಳುತ್ತಿದ್ದವು. ಕನ್ಸೋಲ್ ತನಗೆ ಬೇಕಾದದ್ದನ್ನು ಕೇಳಿಸಿಕೊಂಡು ಸಮಾಧಾನಗೊಳ್ಳುತ್ತಿತ್ತು. ವಿದ್ಯುತ್ತಿಗೊಂದು, ಗ್ರೌಂಡಿಗೊಂದು, ಸಂಕೇತಕ್ಕೆರಡು ಎಂದು ನಾಲ್ಕೈದು ತೆಳು ತಂತಿ ಎಳೆದರೆ ಕೆಲಸ ಮುಗಿಯಿತು. ಆದರೆ ಬೆಸೆಯಬೇಕಾದ ಬಿಂದು ಚಿಪ್‌ನ ಕೂದಲೆಳೆಯಂಥ ಕಾಲು. ಸೀಸ ಪಕ್ಕದ ಕಾಲಿಗೆ ಹರಿದರೆ ಕನ್ಸೋಲೇ ಹೋಗುತ್ತಿತ್ತು. ಬೋರ್ಡಿನ ವಿನ್ಯಾಸ ಮಾದರಿಯಿಂದ ಮಾದರಿಗೆ ಬದಲಾಗುತ್ತಿದ್ದುದರಿಂದ, ಯಾವ ತಂತಿ ಎಲ್ಲಿಗೆ ಎಂಬ ನಕ್ಷೆ ಪ್ರತಿ ಮಾದರಿಗೂ ಬೇರೆಯೇ ಬೇಕಿತ್ತು. ಕನ್ಸೋಲ್ ಬಿಚ್ಚುವುದು ರಿಪೇರಿಯವರಿಗೆ ಹೊಸದೇನೂ ಆಗಿರಲಿಲ್ಲ. ಮೊದಮೊದಲ ಮಾದರಿಗಳಲ್ಲಿ ಲೇಸರ್ ಜಾರುವ ಪ್ಲಾಸ್ಟಿಕ್ ಹಳಿ ಸವೆದು, ಕನ್ಸೋಲನ್ನು ತಲೆಕೆಳಗಾಗಿಟ್ಟರೆ ಮಾತ್ರ ಡಿಸ್ಕ್ ಓದುವ ಸ್ಥಿತಿ ಬರುತ್ತಿತ್ತು.

ಆಮದು ಆಟಗಳ ಹಂಬಲ ಯುರೋಪಿನಲ್ಲಿ ವಿಶೇಷವಾಗಿ ಬಲವಾಗಿತ್ತು, ಅದಕ್ಕೆ ತಕ್ಕ ಕಾರಣವೂ ಇತ್ತು. ಕಥೆಪ್ರಧಾನ ಆಟಗಳಿಗೆ ಹೆಸರಾದ ಸ್ಕ್ವೇರ್ ಕಂಪನಿಯ ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’, ‘ಝೆನೋಗಿಯರ್ಸ್’, ‘ಕ್ರೋನೊ ಕ್ರಾಸ್’ ಜಪಾನಿನಲ್ಲೂ ಅಮೆರಿಕದಲ್ಲೂ ಬಂದವು. ಆ ಕಾಲದಲ್ಲಿ ಯುರೋಪಿಗೆ ಬರಲೇ ಇಲ್ಲ. ಬಂದ ಆಟಗಳ ಪಾಡೂ ಚೆನ್ನಾಗಿರಲಿಲ್ಲ. ಜಪಾನ್ ಮತ್ತು ಅಮೆರಿಕದ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬಿಡಿಸಿದರೆ ಯುರೋಪಿನ ಪಾಲ್ ಟಿವಿ 50 ಸಲ ಬಿಡಿಸುತ್ತಿತ್ತು. ಸರಿಯಾಗಿ ಹೊಂದಿಸದೆ ತಂದ ಆಟಗಳು ಶೇ. 17ರಷ್ಟು ನಿಧಾನವಾಗಿ, ಪರದೆಯ ಮೇಲೂ ಕೆಳಗೂ ಕಪ್ಪು ಪಟ್ಟಿಯೊಂದಿಗೆ ಓಡುತ್ತಿದ್ದವು. ಹೊಡೆದಾಟದ ಆಟದಲ್ಲಿ, ರೇಸಿನಲ್ಲಿ ಇದು ಎದ್ದು ಕಾಣುತ್ತಿತ್ತು. ಆಮದು ಡಿಸ್ಕ್ ಹಾಕಿದರೆ ವೇಗ ಸರಿಹೋಗುತ್ತಿತ್ತು, ಆದರೆ ಬಣ್ಣದ ಆವರ್ತನ ಟಿವಿಗೆ ಹೊಂದದೆ ಚಿತ್ರ ಕಪ್ಪುಬಿಳುಪಾಗುತ್ತಿತ್ತು. ಅದಕ್ಕೆ ಆರ್‌ಜಿಬಿ ಕೇಬಲ್ ತರಬೇಕು, ಇಲ್ಲವೇ ಬೋರ್ಡಿನ ಮೇಲೆ ಇನ್ನೊಂದು ಆಸಿಲೇಟರ್ ಕೂರಿಸಬೇಕು. ಇಷ್ಟೆಲ್ಲ ಪಾಡುಪಟ್ಟು ಅಸಲಿ ಜಪಾನಿ ಡಿಸ್ಕ್ ಆಡಿದವರನ್ನು ನಕಲಿ ಡಿಸ್ಕಿನ ಗಿರಾಕಿಗಳ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಹಾಗೆಂದು ಚಿಪ್ ಹಾಕಿಸಿದ ಬಹಳಷ್ಟು ಕನ್ಸೋಲ್‌ಗಳಲ್ಲಿ ಓಡಿದ್ದು ಪೈರೇಟೆಡ್ ಸಿಡಿಗಳೇ ಎಂಬುದನ್ನೂ ಮುಚ್ಚಿಡುವಂತಿಲ್ಲ.

ಪ್ರದೇಶದ ಬೇಲಿ ಅನಿವಾರ್ಯವೇನಲ್ಲ ಎಂಬುದಕ್ಕೆ ಸೋನಿಯೇ ತಯಾರಿಸಿದ ಸಾಕ್ಷಿಯೊಂದಿದೆ. ಹವ್ಯಾಸಿಗಳು ತಾವೇ ಆಟ ಬರೆಯಲೆಂದು ಅದು ಹೊರತಂದ ‘ನೆಟ್ ಯಾರೋಝೆ’ ಎಂಬ ಕಪ್ಪು ಬಣ್ಣದ ಪ್ಲೇಸ್ಟೇಷನ್ನಿನಲ್ಲಿ ಪ್ರದೇಶದ ಬೀಗ ಇರಲಿಲ್ಲ.

ಆಟ ತಯಾರಕರು ಸುಮ್ಮನೆ ಕೂರಲಿಲ್ಲ. ಹಳೆಯ ಚಿಪ್‌ಗಳು ಕನ್ಸೋಲ್ ಚಾಲೂ ಇರುವಷ್ಟು ಹೊತ್ತೂ ಅಕ್ಷರ ಹೇಳುತ್ತಲೇ ಇರುತ್ತಿದ್ದವು. ಅವು ಸಿಕ್ಕಿಬಿದ್ದದ್ದು ಆ ವಾಚಾಳಿತನದಿಂದಲೇ. ಓಲಾಟವೇ ಇಲ್ಲದ ಜಾಗವನ್ನು ಡಿಸ್ಕಿನ ಮೇಲೆ ಓದಿಸಿ, ಅಲ್ಲಿಯೂ ಆ ನಾಲ್ಕು ಅಕ್ಷರ ಕೇಳಿಸಿದರೆ ಒಳಗೆ ಚಿಪ್ ಇದೆ ಎಂದು ಆಟವೇ ಕಂಡುಹಿಡಿಯುತ್ತಿತ್ತು. 90ರ ದಶಕದ ಕೊನೆಯಲ್ಲಿ ಬಂದ ಅನೇಕ ಆಟಗಳು ಕನ್ಸೋಲ್ ಮಾರ್ಪಾಡಾಗಿರಬಹುದು ಎಂಬ ಎಚ್ಚರಿಕೆ ತೋರಿಸಿ ನಿಂತುಬಿಡುತ್ತಿದ್ದವು. ಇದರ ಪೆಟ್ಟು ಅಸಲಿ ಡಿಸ್ಕ್ ಕೊಂಡು ಚಿಪ್ ಹಾಕಿಸಿದ್ದವರಿಗೂ ಬಿತ್ತು. ಉತ್ತರವಾಗಿ ‘ಸ್ಟೆಲ್ತ್’ ಚಿಪ್‌ಗಳು ಬಂದವು. ಆರಂಭದ ಪರೀಕ್ಷೆ ಮುಗಿಯುತ್ತಲೇ ಅವು ಬಾಯಿ ಮುಚ್ಚಿಕೊಳ್ಳುತ್ತಿದ್ದವು.

ಈ ಜಟಾಪಟಿಯಲ್ಲಿ ಎಲ್ಲಕ್ಕಿಂತ ನೆನಪಿನಲ್ಲಿ ಉಳಿದದ್ದು ಇನ್ಸೋಮ್ನಿಯಾಕ್ ಗೇಮ್ಸ್ 2000ದಲ್ಲಿ ಹೊರತಂದ ‘ಸ್ಪೈರೊ: ಇಯರ್ ಆಫ್ ದಿ ಡ್ರ್ಯಾಗನ್’. ತನ್ನ ಕೋಡನ್ನು ಯಾರೋ ತಿದ್ದಿದ್ದಾರೆ ಎಂದು ಗೊತ್ತಾದರೂ ಆಟ ಥಟ್ಟನೆ ನಿಲ್ಲುತ್ತಿರಲಿಲ್ಲ. ಮೊದಲು ಜೋಯಿ ಎಂಬ ಕಿನ್ನರಿ ಬಂದು, ಇದು ತಿದ್ದಿದ ಪ್ರತಿಯಿರಬಹುದು ಎಂದು ಎಚ್ಚರಿಸುತ್ತಿದ್ದಳು. ಆಮೇಲೆ ಕೂಡಿಟ್ಟ ರತ್ನಗಳು, ಮೊಟ್ಟೆಗಳು ಮಾಯವಾಗತೊಡಗುತ್ತಿದ್ದವು. ಕಡೆಗೆ ಮಾಂತ್ರಿಕಳೊಂದಿಗಿನ ಅಂತಿಮ ಕಾಳಗದ ನಡುವೆ ಆಟಗಾರನನ್ನು ಆರಂಭಕ್ಕೆ ಎಸೆದು, ಸೇವ್ ಮಾಡಿದ್ದೆಲ್ಲವನ್ನೂ ಅಳಿಸುತ್ತಿತ್ತು. ತಿದ್ದಿದವರಿಗೆ ತಮ್ಮ ಕೆಲಸ ಪೂರ್ಣವಾಯಿತೋ ಇಲ್ಲವೋ ತಿಳಿಯಲು ಆಟವನ್ನು ಕೊನೆಯವರೆಗೂ ಆಡಬೇಕಿತ್ತು. ಈ ಬೀಗ ಎರಡು ತಿಂಗಳಿಗೂ ತುಸು ಹೆಚ್ಚು ಬಾಳಿತು. ಹೊಸ ಆಟದ ಮಾರಾಟ ಬಿರುಸಾಗಿರುವುದು ಆ ಮೊದಲ ತಿಂಗಳುಗಳಲ್ಲೇ. ಶಾಶ್ವತ ರಕ್ಷಣೆ ಯಾರಿಂದಲೂ ಆಗದು ಎಂದು ಒಪ್ಪಿಕೊಂಡು, ಸಮಯ ಗಳಿಸಿಕೊಳ್ಳುವುದನ್ನಷ್ಟೇ ಗುರಿಯಾಗಿಟ್ಟುಕೊಂಡದ್ದರಲ್ಲಿ ಆ ತಂಡದ ವಿವೇಕವಿತ್ತು.

ಕಾನೂನಿನ ಕಥೆ ದೇಶಕ್ಕೊಂದು ಬಗೆ. ಅಮೆರಿಕದಲ್ಲಿ 1998ರ ಡಿಎಂಸಿಎ ಕಾಯ್ದೆ ತಾಂತ್ರಿಕ ಬೀಗ ಮುರಿಯುವ ಸಾಧನಗಳ ಮಾರಾಟವನ್ನೇ ನಿಷೇಧಿಸಿತು. ಮರುವರ್ಷ ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಲಯ ‘ಗೇಮ್ ಎನ್‌ಹ್ಯಾನ್ಸರ್’ ಎಂಬ ಸಾಧನದ ಮಾರಾಟಕ್ಕೆ ತಡೆ ನೀಡಿತು. ಬೇರೆ ಪ್ರದೇಶದ ಆಟ ಆಡಿಸುವುದೇ ಬೀಗ ಮುರಿದಂತೆ ಎಂಬುದು ಅಲ್ಲಿನ ನಿಲುವು. ಬ್ರಿಟನ್ನಿನ ಹೈಕೋರ್ಟ್ ಕೂಡ 2002ರಲ್ಲಿ, ಪ್ಲೇಸ್ಟೇಷನ್ 2ರ ‘ಮೆಸ್ಸಾಯ’ ಚಿಪ್ ಪ್ರಕರಣದಲ್ಲಿ, ಸ್ವಂತ ಡಿಸ್ಕಿನ ಬ್ಯಾಕಪ್ ಪ್ರತಿಗೂ ಆಮದು ಆಟಕ್ಕೂ ಚಿಪ್ ಬೇಕು ಎಂಬ ವಾದಗಳಿಗೆ ಸೊಪ್ಪು ಹಾಕಲಿಲ್ಲ.

ಆಸ್ಟ್ರೇಲಿಯ ಬೇರೆ ದಾರಿ ಹಿಡಿಯಿತು. ಚಿಪ್ ಮಾರುತ್ತಿದ್ದ ಸ್ಟೀವನ್ಸ್ ಎಂಬುವರ ಮೇಲೆ ಸೋನಿ ಹೂಡಿದ ಮೊಕದ್ದಮೆಯಲ್ಲಿ ಕೆಳಗಿನ ನ್ಯಾಯಾಧೀಶರು 2002ರಲ್ಲಿ ಸ್ಟೀವನ್ಸ್ ಪರ ತೀರ್ಪಿತ್ತರು, 2003ರಲ್ಲಿ ಮೇಲ್ಮನವಿ ಪೀಠ ಸೋನಿಯ ಪರ ನಿಂತಿತು. 2005ರ ಅಕ್ಟೋಬರ್ 6ರಂದು ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟಿನಲ್ಲಿ ವಿಚಾರಣೆ ನಡೆಸಿದ ಆರೂ ನ್ಯಾಯಮೂರ್ತಿಗಳು ಒಮ್ಮತದಿಂದ ಸ್ಟೀವನ್ಸ್ ವಾದವನ್ನು ಎತ್ತಿಹಿಡಿದರು. ಅವರ ತರ್ಕ ನೇರವಾಗಿತ್ತು: ಈ ಬೀಗ ನಕಲು ಮಾಡುವುದನ್ನು ತಡೆಯುವುದೇ ಇಲ್ಲ, ನಕಲು ಎಂದೋ ಆಗಿಹೋಗಿರುತ್ತದೆ, ಬೀಗ ತಡೆಯುವುದು ಅದನ್ನು ಆಡುವುದನ್ನು, ಆಡುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಡಿಸ್ಕಿನಿಂದ ಮೆಮೊರಿಗೆ ತಾತ್ಕಾಲಿಕವಾಗಿ ಬರುವ ತುಣುಕುಗಳನ್ನು ಆಟದ ಗಣನೀಯ ಭಾಗದ ನಕಲು ಎನ್ನಲೂ ಅವರು ಒಪ್ಪಲಿಲ್ಲ. ಅಮೆರಿಕದೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದದ ಪ್ರಕಾರ ಆಸ್ಟ್ರೇಲಿಯ 2006ರಲ್ಲಿ ತನ್ನ ಕಾಯ್ದೆಯನ್ನು ಬಿಗಿ ಮಾಡಿತು. ಆದರೂ ಮಾರುಕಟ್ಟೆಯನ್ನು ಪ್ರದೇಶವಾರು ಹಂಚುವ ಬೀಗಗಳನ್ನು ಆ ರಕ್ಷಣೆಯಿಂದ ಹೊರಗಿಟ್ಟಿತು. ಎರಡು ಕೆಲಸಗಳ ಒಂದು ಬೀಗವನ್ನು ಕಾನೂನು ಕೊನೆಗೂ ಬಿಡಿಸಿ ನೋಡಿದ ಅಪರೂಪದ ಉದಾಹರಣೆ ಇದು. 2014ರಲ್ಲಿ ನಿಂಟೆಂಡೊ ಮತ್ತು ಪಿಸಿ ಬಾಕ್ಸ್ ನಡುವಿನ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯವೂ, ಇಂಥ ಸಾಧನಗಳು ನಿಜವಾಗಿ ಯಾವುದಕ್ಕೆ ಬಳಕೆಯಾಗುತ್ತಿವೆ ಎಂಬುದನ್ನು ಪರಿಶೀಲಿಸಬೇಕು ಎಂದು ಹೇಳಿತು.

ಭಾರತಕ್ಕೆ ಮೊದಲ ಪ್ಲೇಸ್ಟೇಷನ್ ಹೆಚ್ಚಾಗಿ ಬಂದದ್ದು ಗ್ರೇ ಮಾರ್ಕೆಟ್ ಹಾದಿಯಲ್ಲಿ, ಗಲ್ಫಿನಿಂದಲೋ ಸಿಂಗಪುರದಿಂದಲೋ ಬರುವವರ ಸೂಟ್‌ಕೇಸಿನಲ್ಲಿ. ಹೊರದೇಶದ ಎಲೆಕ್ಟ್ರಾನಿಕ್ ಸಾಮಾನಿಗೆ ಹೆಸರಾದ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್, ಚೆನ್ನೈನ ಬರ್ಮಾ ಬಜಾರ್, ದೆಹಲಿಯ ಪಾಲಿಕಾ ಬಜಾರುಗಳಂಥ ಕಡೆ ‘ಚಿಪ್ ಹಾಕಿದ್ದು’ ಎಂಬುದು ಗಿರಾಕಿಗೆ ಬಿಡಿಸಿ ಹೇಳಬೇಕಿಲ್ಲದ ಮಾತಾಯಿತು. ಪ್ಲೇಸ್ಟೇಷನ್ 2ರ ಕಾಲದಲ್ಲಿ ಸೋನಿ ನೇರವಾಗಿ ಇಲ್ಲಿ ಮಾರಾಟಕ್ಕಿಳಿದು, ಕಡಿಮೆ ಬೆಲೆಯ ದೇಶೀ ಆಟಗಳನ್ನೂ ತಂದಿತು. ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ 2009ರಲ್ಲಿ ಸಿದ್ಧಪಡಿಸಿದ ‘ಹನುಮಾನ್: ಬಾಯ್ ವಾರಿಯರ್’ ಅಂಥದ್ದೊಂದು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ತಾಂತ್ರಿಕ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ, ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶ ಇದ್ದಾಗ ಮಾತ್ರ. ಕಾನೂನುಬದ್ಧವಾಗಿ ಕೊಂಡ ಕಂಪ್ಯೂಟರ್ ಪ್ರೋಗ್ರಾಮಿಗೆ, ಅದು ಹಾಳಾಗದಿರಲಿ ಎಂದು ಬ್ಯಾಕಪ್ ಪ್ರತಿ ಮಾಡಿಕೊಳ್ಳಲು 52ನೆಯ ಕಲಮಿನಲ್ಲಿ ಅವಕಾಶವಿದೆ. ಉದ್ದೇಶಕ್ಕೆ ಕೊಟ್ಟ ಈ ಬೆಲೆ ಅಮೆರಿಕದ ಕಾಯ್ದೆಗಿಂತ ಹೆಚ್ಚು ಹದವಾದದ್ದು.

ಇಂದು ಮೊದಲ ಪ್ಲೇಸ್ಟೇಷನ್ ಮೂವತ್ತು ವರ್ಷ ದಾಟಿದ ಯಂತ್ರ. ಬಹಳಷ್ಟು ಲೇಸರ್‌ಗಳು ಮಂದವಾಗಿವೆ, ಆಟಗಳು ಅಂಗಡಿಯಲ್ಲಿ ಸಿಗುವುದಿಲ್ಲ, ಅಪರೂಪದ ಡಿಸ್ಕ್‌ಗಳನ್ನು ಡ್ರೈವಿಗೆ ಹಾಕಲೂ ಒಡೆಯರು ಹೆದರುತ್ತಾರೆ. ಬ್ಯಾಕಪ್ ಎಂಬ ಮಾತಿಗೆ ಹಿಂದೆಂದೂ ಇಲ್ಲದಷ್ಟು ನಿಜವಾದ ಅರ್ಥ ಬಂದಿರುವುದು ಈಗ. ಡ್ರೈವನ್ನೇ ತೆಗೆದು ಮೆಮೊರಿ ಕಾರ್ಡಿನಿಂದ ಆಟ ಓಡಿಸುವ ‘ಎಕ್ಸ್‌ಸ್ಟೇಷನ್’ನಂಥ ಬೋರ್ಡುಗಳು ಬಂದಿವೆ. 2021ರಲ್ಲಿ ಬೆಸುಗೆಯೇ ಬೇಡದ ಎರಡು ದಾರಿಗಳು ತೆರೆದವು. ‘ಟೋನಿಹ್ಯಾಕ್ಸ್’ ಸ್ಕೇಟ್‌ಬೋರ್ಡ್ ಆಟಗಳ ಸೇವ್ ಫೈಲಿನಲ್ಲಿದ್ದ ದೋಷವನ್ನು ಬಳಸಿದರೆ, ‘ಫ್ರೀಪಿಎಸ್‌ಎಕ್ಸ್‌ಬೂಟ್’ ಕನ್ಸೋಲಿನ ಮೆಮೊರಿ ಕಾರ್ಡ್ ಮೆನುವಿನ ದೋಷವನ್ನು ಬಳಸಿತು. ಡ್ರೈವಿನ ಬೀಗ ತೆಗೆಯಲು ಟೋನಿಹ್ಯಾಕ್ಸ್ ನೆಚ್ಚಿದ್ದು ಸೋನಿಯೇ ಡ್ರೈವಿನೊಳಗೆ ಬಚ್ಚಿಟ್ಟಿದ್ದ ಆಜ್ಞೆಗಳನ್ನು: ‘ಸೋನಿ ಕಂಪ್ಯೂಟರ್ ಎಂಟರ್‌ಟೇನ್‌ಮೆಂಟ್‌ನಿಂದ ಪರವಾನಗಿ ಪಡೆದದ್ದು’ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ತುಂಡುತುಂಡಾಗಿ, ಪ್ರದೇಶದ ಹೆಸರಿನ ಸಮೇತ ಕಳಿಸಿದರೆ ಡ್ರೈವ್ ಯಾವ ಡಿಸ್ಕನ್ನಾದರೂ ಓದುತ್ತದೆ. ಅಮೆರಿಕ ಮತ್ತು ಯುರೋಪಿನ ಕನ್ಸೋಲ್‌ಗಳಲ್ಲಿ ಇದು ನಡೆಯುತ್ತದೆ. ಜಪಾನಿನ ಡ್ರೈವ್‌ಗಳು ಆ ಆಜ್ಞೆಗಳಿಗೆ ಜಗ್ಗುವುದಿಲ್ಲ, ಹಾಗಾಗಿ ಅಲ್ಲಿನ ಕನ್ಸೋಲ್ ಇಟ್ಟುಕೊಂಡವರು ಈಗಲೂ ಚಿಪ್ ಬೆಸೆಸುತ್ತಾರೆ, ಇಲ್ಲವೇ ಹಳೆಯ ಕೈಚಳಕದಂತೆ ಡಿಸ್ಕ್ ಬದಲಿಸುತ್ತಾರೆ.